ಲೆಪರ್ಡ್ ಗೆಕ್ಕೊ ತಿನ್ನುತ್ತಿಲ್ಲವೇ? ಮೊದಲು ಟ್ಯಾಂಕಿನ ನೆಲ ಅಳೆಯಿರಿ

ಲೆಪರ್ಡ್ ಗೆಕ್ಕೊ, ಅಂದರೆ ಗಾಜಿನ ಟ್ಯಾಂಕಿನಲ್ಲಿ ಸಾಕುವ ಚುಕ್ಕಿ ಮೈಯ ಹಲ್ಲಿ, ತಿನ್ನುವುದು ಬಿಟ್ಟರೆ ಜನ ಮೊದಲು ಹುಳ ಬದಲಾಯಿಸುತ್ತಾರೆ. ಆಮೇಲೆ ವಿಟಮಿನ್ ಪುಡಿ ತರುತ್ತಾರೆ. ಆಮೇಲೆ ಇನ್ನೊಂದು ಬಲ್ಬು. ಟ್ಯಾಂಕಿನ ನೆಲ ಎಷ್ಟು ಬಿಸಿ ಇದೆ ಅಂತ ಅಳೆಯುವುದು ಕೊನೆಗೆ, ಅದೂ ಯಾರಾದರೂ ಕೇಳಿದರೆ. ಈ ಬರಹದಲ್ಲಿ ಆ ಕ್ರಮವನ್ನು ತಿರುಗಿಸಿದ್ದೇನೆ. ಮೊದಲು ಅಳತೆ, ಆಮೇಲೆ ಅನುಮಾನ, ಕೊನೆಗೆ ಅಂಗಡಿ.

ನಾನು ಬರೆಯುತ್ತಿರುವುದು ನ್ಯೂಜೆರ್ಸಿಯಿಂದ. ಇಲ್ಲಿ ನಮ್ಮವರ ಮನೆಗಳಿಗೆ ಮಕ್ಕಳ ಹಟದಿಂದ ಗೆಕ್ಕೊ ಬಂದು ಸೇರುವುದು ಈಗ ಹೊಸತೇನಲ್ಲ. ಊರಿಂದ ಬಂದ ಅಜ್ಜಿ "ಮನೇಲಿರೋ ಹಲ್ಲಿ ಓಡಿಸೋದು ಬಿಟ್ಟು ದುಡ್ಡು ಕೊಟ್ಟು ತಂದಿದ್ದೀರಲ್ಲೋ" ಅಂತ ಹಣೆ ಚಚ್ಚಿಕೊಳ್ಳುತ್ತಾರೆ. ಸ್ವಲ್ಪ ದಿನ ಕಳೆದರೆ "ಇವತ್ತು ಅದಕ್ಕೆ ಹುಳ ಹಾಕಿದ್ರಾ?" ಅಂತ ಕೇಳುವವರೂ ಅವರೇ.

ಭಾರತದಲ್ಲಿದ್ದು ಓದುತ್ತಿರುವವರಿಗೆ ಒಂದು ಮಾತು. ಈ ಪ್ರಾಣಿಯ ಮೂಲ ನೆಲೆ ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಒಣ ಕಲ್ಲುಗುಡ್ಡಗಳು. ಇದರ ಹತ್ತಿರದ ಸಂಬಂಧಿಗಳು ನಮ್ಮ ದೇಶದ ಕಾಡುಗಳಲ್ಲೂ ಇವೆ. ಅವನ್ನು ಹಿಡಿದು ತಂದು ಸಾಕುವ ಯೋಚನೆ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇದಕ್ಕೆಲ್ಲ ಜೈಲೂ ಉಂಟು, ದಂಡವೂ ಉಂಟು. ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಸಾಕುವವರಿಗೆ 2024ರಲ್ಲಿ ನೋಂದಣಿ ನಿಯಮಗಳೂ ಬಂದಿವೆ. ಯಾವುದನ್ನೇ ಕೊಳ್ಳುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಇವು ಕಂಡರೆ ಟ್ಯಾಂಕ್ ಬಿಡಿ, ವೈದ್ಯರ ಹತ್ತಿರ ಹೋಗಿ

ಬಾಯಿ ತೆರೆದುಕೊಂಡು ಉಸಿರಾಡುವುದು, ಕಾಲು ನಡುಗುವುದು, ಹೊಟ್ಟೆ ಎತ್ತಿ ನಡೆಯಲಾಗದೆ ತೆವಳುವುದು, ದವಡೆ ರಬ್ಬರಿನಂತೆ ಮೆತ್ತಗಾಗಿರುವುದು, ಬಾಲದ ಬುಡದಲ್ಲಿ ಕೆಂಪು ಮಾಂಸ ಹೊರಬಂದಿರುವುದು, ಹೊಟ್ಟೆಯ ಮೇಲೆ ಸುಟ್ಟ ಗುರುತು. ಇವುಗಳಲ್ಲಿ ಒಂದಿದ್ದರೂ ಮನೆ ಮದ್ದು ಸಾಕು ಮಾಡಿ. ಸರೀಸೃಪಗಳನ್ನು ನೋಡಿ ಅಭ್ಯಾಸ ಇರುವ ಪಶುವೈದ್ಯರೇ ಬೇಕು. ನಾಯಿ ಬೆಕ್ಕು ಮಾತ್ರ ನೋಡುವವರು ಸಾಮಾನ್ಯವಾಗಿ ತಾವೇ ಬೇರೆಯವರ ಹತ್ತಿರ ಕಳಿಸುತ್ತಾರೆ.

ಉಳಿದ ದೂರುಗಳಲ್ಲಿ, ಅಂದರೆ ತಿನ್ನುತ್ತಿಲ್ಲ, ಮಂಕಾಗಿದೆ, ಒಂದೇ ಮೂಲೆಯಲ್ಲಿ ಕೂತಿರುತ್ತದೆ, ಪೊರೆ ಸರಿಯಾಗಿ ಬಿಡುತ್ತಿಲ್ಲ, ಗಾಜು ಕೆರೆಯುತ್ತದೆ ಎನ್ನುವಾಗ ಮೊದಲ ಅನುಮಾನ ಟ್ಯಾಂಕಿನ ಮೇಲೆ.

ನೆಲವೇ ಯಾಕೆ?

ನಮ್ಮ ಮನೆ ಗೋಡೆಯ ಹಲ್ಲಿಗೆ ಅಂಟು ಪಾದ ಇದೆ. ಲೆಪರ್ಡ್ ಗೆಕ್ಕೊಗೆ ಇಲ್ಲ. ಅದಕ್ಕಿರುವುದು ಉಗುರು ಮಾತ್ರ, ಗಾಜು ಹತ್ತಲಾರದು. ಹಲ್ಲಿಗಿಲ್ಲದ ರೆಪ್ಪೆ ಇದಕ್ಕಿದೆ, ಕಣ್ಣು ಮಿಟುಕಿಸುತ್ತದೆ. ಹಗಲೆಲ್ಲ ಕಲ್ಲಿನ ಸಂದಿಯಲ್ಲಿ ಮಲಗಿ, ಮುಸ್ಸಂಜೆಗೂ ನಸುಕಿಗೂ ಹೊರಗೆ ಬರುವ ಪ್ರಾಣಿ. ಅಂದರೆ ಇದರ ಬದುಕೆಲ್ಲ ನೆಲದ ಮೇಲೆ. ಬಿಸಿಲಿಗೆ ಕಾದ ಕಲ್ಲಿಗೆ ಹೊಟ್ಟೆ ತಾಗಿಸಿಕೊಂಡು ಕಾವು ಹಿಡಿಯುತ್ತದೆ. ತನ್ನದೇ ಮೈಬಿಸಿ ಇದಕ್ಕಿಲ್ಲ. ಕಾವು ಸಾಲದಿದ್ದರೆ ತಿಂದ ಹುಳ ಹೊಟ್ಟೆಯಲ್ಲಿ ಜೀರ್ಣವಾಗದೆ ಹಾಗೇ ಉಳಿಯುತ್ತದೆ. ಎಷ್ಟೋ ಸಲ ವಾಂತಿಯೂ ಮಾಡುತ್ತದೆ. ಆದ್ದರಿಂದ ತಣ್ಣಗಿರುವ ಗೆಕ್ಕೊ ಊಟ ಬೇಡ ಅಂದರೆ ಅದು ಹಟ ಮಾಡುತ್ತಿಲ್ಲ. ಅದಕ್ಕೆ ಬಲವಂತವಾಗಿ ತಿನ್ನಿಸಲು ಹೋಗಬೇಡಿ.

ಟ್ಯಾಂಕಿನ ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ತಂಪಾಗಿ ಇರಬೇಕು. ಬೇಕಾದ ಅಳತೆಗಳು ಹೀಗಿವೆ. ಬೆಚ್ಚಗಿನ ಬದಿಯ ಗೂಡಿನೊಳಗೆ (ಅದು ಅಡಗಿ ಕೂರುವ ಮರೆ) ನೆಲದ ಮೇಲ್ಮೈ 31ರಿಂದ 33 ಡಿಗ್ರಿ ಸೆಲ್ಸಿಯಸ್. ಇಲ್ಲಿನ ಲೆಕ್ಕದಲ್ಲಿ 88ರಿಂದ 91 ಫ್ಯಾರನ್‌ಹೀಟ್. ತಂಪು ಬದಿ 22ರಿಂದ 25 ಸೆಲ್ಸಿಯಸ್. ರಾತ್ರಿ ಇಡೀ ಟ್ಯಾಂಕು 18–20ರವರೆಗೆ ಇಳಿದರೂ ಆರೋಗ್ಯವಾಗಿರುವ ದೊಡ್ಡ ಗೆಕ್ಕೊಗೆ ತೊಂದರೆಯಿಲ್ಲ, ಅದರ ಊರಲ್ಲೂ ರಾತ್ರಿ ತಣ್ಣಗೇ ಇರುತ್ತದೆ.

ಅಳೆಯುವ ಸಾಮಾನು

ಮೂರು ಸಾಕು. ಪ್ರೋಬ್ (ವೈರಿನ ತುದಿಯಲ್ಲಿರುವ, ಬಿಸಿ ಅಳೆಯುವ ಮೊನೆ) ಇರುವ ಡಿಜಿಟಲ್ ಥರ್ಮಾಮೀಟರ್, ದೂರದಿಂದಲೇ ಗುರಿಯಿಟ್ಟು ಮೇಲ್ಮೈಯ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್, ಅಡುಗೆಮನೆಯ ಗ್ರಾಂ ತಕ್ಕಡಿ.

ಗಾಜಿಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರನ್ನು ಇವತ್ತೇ ಕಿತ್ತು ಹಾಕಿ. ಅದು ತೋರಿಸುವುದು ಗಾಜಿನ ಗೋಡೆಯ ಹತ್ತಿರದ ಗಾಳಿಯನ್ನು, ಅದನ್ನೂ ಸರಿಯಾಗಿ ತೋರಿಸುವುದಿಲ್ಲ. ಗೆಕ್ಕೊ ಗೋಡೆಯ ಮಧ್ಯದಲ್ಲಿ ವಾಸ ಮಾಡುವುದಿಲ್ಲವಲ್ಲ.

ಗನ್ ಬಳಸುವಾಗ ಎರಡು ವಿಷಯ ಗಮನಿಸಿ. ಟ್ಯಾಂಕಿನ ಹೊರಗೆ ನಿಂತು ಗಾಜಿನ ಮೂಲಕ ಗುರಿ ಇಟ್ಟರೆ ಅದು ಗಾಜಿನ ಬಿಸಿಯನ್ನು ಹೇಳುತ್ತದೆ, ನೆಲದ್ದನ್ನಲ್ಲ. ಮುಚ್ಚಳ ತೆಗೆದು ಕೈ ಒಳಗೆ ಹಾಕಿ ಅಳೆಯಬೇಕು. ಇನ್ನೊಂದು, ಕೆಂಪು ಚುಕ್ಕಿ ಬಿದ್ದಷ್ಟೇ ಜಾಗವನ್ನು ಅದು ಅಳೆಯುವುದಿಲ್ಲ. ದೂರ ಹೋದಷ್ಟೂ ಅದು ನೋಡುವ ವೃತ್ತ ದೊಡ್ಡದಾಗುತ್ತದೆ, ಬಿಸಿ ಜಾಗ ತಣ್ಣನೆ ಜಾಗ ಎರಡೂ ಸೇರಿ ಸರಾಸರಿ ಬರುತ್ತದೆ. ಒಂದು ಗೇಣು ದೂರದಿಂದ ಹಿಡಿಯಿರಿ. ಹೊಳೆಯುವ ಲೋಹದ ಮೇಲೆ ಹಿಡಿದರೆ ಬರುವ ಅಂಕಿಯನ್ನು ನಂಬಬೇಡಿ.

ತಕ್ಕಡಿ ಯಾಕೆ ಅಂದರೆ, "ಸಣ್ಣಗಾಗಿದೆ ಅನ್ಸುತ್ತೆ" ಎನ್ನುವ ಮಾತಿನಿಂದ ಏನೂ ತಿಳಿಯುವುದಿಲ್ಲ. ಡಬ್ಬಿಯೊಂದರಲ್ಲಿ ಕೂರಿಸಿ ವಾರಕ್ಕೊಮ್ಮೆ ತೂಕ ಬರೆದಿಡಿ. ತೂಕ ಹಾಗೇ ಇದ್ದು ಬಾಲ ದಪ್ಪಗಿದ್ದರೆ ಕೆಲವು ವಾರ ತಿನ್ನದಿದ್ದರೂ ಗಾಬರಿ ಬೇಡ, ಕೊಬ್ಬನ್ನೆಲ್ಲ ಅದು ಬಾಲದಲ್ಲೇ ಕೂಡಿಟ್ಟಿರುತ್ತದೆ. ನೂರಕ್ಕೆ ಹತ್ತರಷ್ಟು ಇಳಿದಿದ್ದರೆ ಮಾತ್ರ ಕಾಯಬೇಡಿ. 60 ಗ್ರಾಂ ಇದ್ದದ್ದು 54ಕ್ಕೆ ಬಂದರೆ ನಮಗೆ ಆರೇ ಗ್ರಾಂ, ಅದಕ್ಕೆ ಮೈಯ ಹತ್ತನೇ ಒಂದು ಭಾಗ.

ದೂರು: ತಿನ್ನುತ್ತಿಲ್ಲ, ಮಂಕಾಗಿದೆ

ಪರಿಚಯದ ಒಂದು ಮನೆಯಲ್ಲಿ ಕಂಡದ್ದನ್ನೇ ಹೇಳುತ್ತೇನೆ. ದೋಷ ಹುಡುಕುವ ದಾರಿ ಅದರಲ್ಲೇ ಇದೆ. ಟ್ಯಾಂಕು ಬೇಸ್‌ಮೆಂಟಿನಲ್ಲಿತ್ತು. ಕೆಳಗೆ ಹೀಟ್ ಮ್ಯಾಟ್ (ಕರೆಂಟಿನಿಂದ ಕಾಯುವ ತೆಳು ಹಾಳೆ), ಅದಕ್ಕೆ ಥರ್ಮೋಸ್ಟಾಟ್ (ಪ್ರೋಬಿನಿಂದ ಬಿಸಿ ನೋಡಿ ಕಾವನ್ನು ಹಿಡಿತದಲ್ಲಿಡುವ ಸಾಧನ), ಅದರ ಪರದೆಯಲ್ಲಿ 32 ಡಿಗ್ರಿ. ನೋಡಿದರೆ ಎಲ್ಲ ಸರಿಯಾಗಿಯೇ ಇದೆ. ಗೆಕ್ಕೊ ಮಾತ್ರ ಬೆಚ್ಚಗಿನ ಬದಿಯಲ್ಲಿ ಮಣ್ಣು ಕೆದಕಿ ಗುಂಡಿ ಮಾಡಿಕೊಂಡು ಅದರಲ್ಲೇ ಬಿದ್ದಿತ್ತು. ಹುಳ ಕಣ್ಣ ಮುಂದೆ ಓಡಾಡಿದರೂ ನೋಡುತ್ತಿರಲಿಲ್ಲ. ಮನೆಯವರಿಗೆ ಇದು ಮೊಟ್ಟೆ ಇಡಲು ಕೆದಕುತ್ತಿದೆ ಎಂಬ ಅನುಮಾನ.

ಗನ್ ಹಿಡಿದು ನೋಡಿದರೆ ನೆಲದ ಮೇಲೆ 24 ಡಿಗ್ರಿ. ಪರದೆಯ 32 ಎಲ್ಲಿಂದ ಬಂತು? ಪ್ರೋಬ್ ಎಲ್ಲಿದೆ ಅಂತ ವೈರು ಹಿಡಿದು ಹೋದಾಗ ಗೊತ್ತಾಯಿತು. ಅದು ಟ್ಯಾಂಕಿನ ಹೊರಗೆ, ಮ್ಯಾಟಿಗೂ ಗಾಜಿಗೂ ನಡುವೆ ಇತ್ತು. ಅಲ್ಲಿ 32 ನಿಜವೇ. ಆದರೆ ಅದರ ಮೇಲೆ ಗಾಜು, ಗಾಜಿನ ಮೇಲೆ ದಪ್ಪ ಮಣ್ಣು ಮರಳಿನ ಹಾಸು. ಕಾವು ಮೇಲೆ ಬರುತ್ತಲೇ ಇರಲಿಲ್ಲ. ಒಲೆ ಉರಿಯುತ್ತಿದ್ದರೂ ಹೆಂಚಿನ ಮೇಲೆ ಗೋಣಿಚೀಲ ಹಾಸಿ ದೋಸೆ ಹುಯ್ದ ಹಾಗೆ. ಗೆಕ್ಕೊ ಕೆದಕುತ್ತಿದ್ದದ್ದು ಮೊಟ್ಟೆಗಲ್ಲ, ಕಾವಿಗೆ.

ಇಂಥ ಕಡೆ ಥರ್ಮೋಸ್ಟಾಟನ್ನು 40ಕ್ಕೆ ಏರಿಸಿ ಮೇಲ್ಮೈ ಬಿಸಿ ಮಾಡೋಣ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಮಣ್ಣು ಕೆದಕಿ ಗಾಜಿನವರೆಗೆ ಇಳಿದ ಗೆಕ್ಕೊ ಅಲ್ಲಿ ಹೊಟ್ಟೆ ಸುಟ್ಟುಕೊಳ್ಳುತ್ತದೆ. ಇದಕ್ಕೆ ಇರುವ ದಾರಿ ಎರಡೇ. ಮ್ಯಾಟೇ ಬೇಕು ಅಂದರೆ ಆ ಬದಿಯಲ್ಲಿ ಹಾಸು ತೆಳುವಾಗಿರಬೇಕು, ಟೈಲ್ ಅಥವಾ ಸ್ಲೇಟ್ ಕಲ್ಲು ಹಾಕಿದರೆ ಇನ್ನೂ ಒಳ್ಳೆಯದು. ದಪ್ಪ ಮಣ್ಣೇ ಬೇಕು ಅಂದರೆ ಕಾವು ಮೇಲಿನಿಂದ ಬರಬೇಕು, ಹ್ಯಾಲೊಜೆನ್ ಬಲ್ಬಿನಿಂದ. ಕೆಳಗೆ ಒಂದು ಚಪ್ಪಟೆ ಕಲ್ಲಿಟ್ಟರೆ ಅದು ಕಾದು, ದೀಪ ಆರಿದ ಮೇಲೂ ಸ್ವಲ್ಪ ಹೊತ್ತು ಬಿಸಿ ಹಿಡಿದಿರುತ್ತದೆ. ನನ್ನ ಮತ ಎರಡನೆಯದಕ್ಕೆ. ಬಿಸಿಲು ಮೇಲಿನಿಂದಲೇ ಬೀಳುವುದಲ್ವಾ?

ನಿಮ್ಮ ಟ್ಯಾಂಕಿನಲ್ಲಿ ನೆಲ ತಣ್ಣಗಿದ್ದರೆ ಇದೇ ದಾರಿಯಲ್ಲಿ ಹೋಗಿ. ಮೊದಲು ಪ್ಲಗ್ಗಿನಲ್ಲಿ ಕರೆಂಟ್ ಇದೆಯಾ ನೋಡಿ. ನಗಬೇಡಿ, ಟೈಮರ್ ಕೈಕೊಟ್ಟದ್ದೇ ಎಷ್ಟೋ ಸಲ ಕಾರಣ. ಆಮೇಲೆ ಮ್ಯಾಟನ್ನು ಕೈಯಿಂದ ಮುಟ್ಟಿ. ಅದೇ ತಣ್ಣಗಿದ್ದರೆ ಥರ್ಮೋಸ್ಟಾಟಿನ ಸೆಟ್ಟಿಂಗನ್ನು ಸ್ವಲ್ಪ ಹೊತ್ತು ಮಾತ್ರ ಮೇಲಕ್ಕೆ ಏರಿಸಿ. ಆಗ ಮ್ಯಾಟು ಬಿಸಿಯಾದರೆ ಮ್ಯಾಟು ಸರಿ, ತಪ್ಪು ಪ್ರೋಬಿನ ಜಾಗದ್ದು ಅಥವಾ ಸೆಟ್ಟಿಂಗಿನದು. ಆಗಲೂ ತಣ್ಣಗಿದ್ದರೆ ಪ್ರಾಣಿಯನ್ನು ಹೊರಗೆ ತೆಗೆದು, ಮ್ಯಾಟನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿ ಕೆಲವು ನಿಮಿಷ ನೋಡಿ. ಬಿಸಿಯಾದರೆ ಥರ್ಮೋಸ್ಟಾಟ್ ಹೋಗಿದೆ, ಆಗದಿದ್ದರೆ ಮ್ಯಾಟು ಹೋಗಿದೆ. ಕೆಲಸ ಮುಗಿದ ತಕ್ಷಣ ಪ್ಲಗ್ ತೆಗೆಯಿರಿ, ಮರೆಯಬೇಡಿ.

ಮ್ಯಾಟು ಬಿಸಿ ಇದ್ದೂ ನೆಲ ತಣ್ಣಗಿದ್ದರೆ ಹಾಸಿನ ದಪ್ಪ ನೋಡಿ. ಅದೂ ಸರಿ ಇದ್ದರೆ ಕೋಣೆಯೇ ತಣ್ಣಗಿರಬೇಕು. ಮ್ಯಾಟು ತನ್ನ ಮೇಲಿನ ಜಾಗವನ್ನು ಬಿಸಿ ಮಾಡುತ್ತದೆಯೇ ಹೊರತು ಟ್ಯಾಂಕಿನ ಗಾಳಿಯನ್ನು ಅಷ್ಟಾಗಿ ಬಿಸಿ ಮಾಡಲಾರದು. ಚಳಿಗಾಲದಲ್ಲಿ ಬೇಸ್‌ಮೆಂಟ್ 16 ಡಿಗ್ರಿಗೆ ಇಳಿದರೆ ಬರೀ ಮ್ಯಾಟಿನಿಂದ ಆಗುವುದಿಲ್ಲ. ಟ್ಯಾಂಕನ್ನು ಮೇಲಿನ ಕೋಣೆಗೆ ತರುವುದು ಎಲ್ಲಕ್ಕಿಂತ ಅಗ್ಗದ ರಿಪೇರಿ. ಕಿಟಕಿಯ ಪಕ್ಕ ಮಾತ್ರ ಬೇಡ. ಚಳಿಗಾಲದಲ್ಲಿ ಅಲ್ಲಿ ಕೊರೆಯುತ್ತದೆ, ಬೇಸಿಗೆಯಲ್ಲಿ ಬಿಸಿಲು ನೇರ ಬಿದ್ದರೆ ಗಾಜಿನ ಪೆಟ್ಟಿಗೆ ಸ್ವಲ್ಪ ಹೊತ್ತಿನಲ್ಲೇ ಕುಲುಮೆಯಾಗುತ್ತದೆ.

ದೂರು: ಯಾವಾಗಲೂ ತಂಪು ಬದಿಯಲ್ಲೇ ಇರುತ್ತದೆ

ಇದು ಮೇಲಿನದಕ್ಕಿಂತ ಅಪಾಯ. ಬೆಚ್ಚಗಿನ ಬದಿ ಜಾಸ್ತಿ ಬಿಸಿಯಾಗಿರಬಹುದು. ಥರ್ಮೋಸ್ಟಾಟ್ ಇಲ್ಲದ ಮ್ಯಾಟಿನ ಮೇಲೆ ಗಾಜು 45 ಡಿಗ್ರಿ ದಾಟುವುದುಂಟು. ಅಂಗಡಿಯ ಪೆಟ್ಟಿಗೆಯ ಮೇಲೆ "ಥರ್ಮೋಸ್ಟಾಟ್ ಬೇಕಿಲ್ಲ" ಅಂತ ಬರೆದಿದ್ದರೂ ನಂಬಬೇಡಿ. ಈ ಒಂದು ಖರ್ಚಿನಲ್ಲಿ ಉಳಿತಾಯ ಬೇಡ.

ಥರ್ಮೋಸ್ಟಾಟ್ ಇದ್ದೂ ಬಿಸಿ ಏರಿದರೆ ಕಾರಣ ಬಹುತೇಕ ಪ್ರೋಬ್. ಟೇಪು ಬಿಟ್ಟು ಅದು ಮ್ಯಾಟಿನಿಂದ ಸರಿದಿರುತ್ತದೆ. ಇಲ್ಲವೇ ಗೆಕ್ಕೊ ಎಳೆದು ಹಾಕಿರುತ್ತದೆ. ಕೆಲವೊಮ್ಮೆ ಸ್ವಚ್ಛ ಮಾಡುವಾಗ ನೀವೇ ತಂಪು ಬದಿಯಲ್ಲಿಟ್ಟು ಮರೆತಿರುತ್ತೀರಿ. ಪ್ರೋಬಿಗೆ ತಣ್ಣಗೆ ಕಾಣುತ್ತದೆ, ಥರ್ಮೋಸ್ಟಾಟ್ ಕಾವು ಹರಿಸುತ್ತಲೇ ಇರುತ್ತದೆ. ನೀರಿನ ಬಟ್ಟಲು ಚೆಲ್ಲಿ ಪ್ರೋಬ್ ಒದ್ದೆಯಾದರೂ ಇದೇ ಕಥೆ. ಬಟ್ಟಲು ತಂಪು ಬದಿಯಲ್ಲಿರಲಿ, ಪ್ರೋಬಿನ ವೈರು ಎರಡು ಕಡೆ ಬಿಗಿಯಾಗಿರಲಿ. ಮುಖ್ಯವಾಗಿ, ಥರ್ಮೋಸ್ಟಾಟ್ ಪರದೆಯ ಅಂಕಿಯನ್ನು ಬೇರೆ ಥರ್ಮಾಮೀಟರಿನಿಂದ ತಾಳೆ ನೋಡುತ್ತಿರಿ. ಕಳ್ಳನ ಲೆಕ್ಕವನ್ನು ಕಳ್ಳನೇ ಬರೆಯಬಾರದು.

ಮ್ಯಾಟು ಅಂಟಿಸಿದ ಟ್ಯಾಂಕನ್ನು ಮರದ ಮೇಜಿನ ಮೇಲೆ ಹಾಗೇ ಕೂರಿಸಬೇಡಿ. ಕೆಳಗೆ ಗಾಳಿ ಆಡದಿದ್ದರೆ ಕಾವು ಅಲ್ಲೇ ನಿಂತು ಗಾಜು ಬಿರುಕು ಬಿಡಬಹುದು, ಮರ ಕಪ್ಪಾಗಬಹುದು. ಮ್ಯಾಟಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಪುಟ್ಟ ರಬ್ಬರ್ ಕಾಲುಗಳು ಬರುತ್ತವೆ, ಅವು ಇದಕ್ಕೇ ಇರುವುದು. ಒಳಗಿಡುವ "ಬಿಸಿ ಕಲ್ಲು" ಅನ್ನುವ ಸಾಮಾನು ಮಾರುತ್ತಾರೆ. ಅದರ ಒಂದೊಂದು ಜಾಗ ಒಂದೊಂದು ತರಹ ಕಾಯುತ್ತದೆ, ಎಷ್ಟೋ ಪ್ರಾಣಿಗಳು ಅದರ ಮೇಲೆ ಸುಟ್ಟುಕೊಂಡಿವೆ. ಕೊಟ್ಟರೂ ಬೇಡ ಅನ್ನಿ.

ಬಲ್ಬಿನದು ಬೇರೆ ಸಮಸ್ಯೆ. ಹ್ಯಾಲೊಜೆನ್ ಬಲ್ಬನ್ನು ಆನ್–ಆಫ್ ಥರ್ಮೋಸ್ಟಾಟಿಗೆ ಸಿಕ್ಕಿಸಿದರೆ ಅದು ದಿನವಿಡೀ ಹೊತ್ತಿ ಆರಿ ಮಾಡುತ್ತದೆ. ಬಲ್ಬೂ ಬೇಗ ಹೋಗುತ್ತದೆ, ಪ್ರಾಣಿಗೂ ಕಿರಿಕಿರಿ. ಅದಕ್ಕೆ ಬೆಳಕನ್ನು ನಿಧಾನ ಏರಿಸಿ ಇಳಿಸುವ ಡಿಮ್ಮಿಂಗ್ ಥರ್ಮೋಸ್ಟಾಟ್ ಬೇಕು. ರಾತ್ರಿ ಕಾವು ಬೇಕಾದರೆ ಬೆಳಕೇ ಬರದ ಸೆರಾಮಿಕ್ ಹೀಟರ್ ಹಾಕಿ. "ಗೆಕ್ಕೊಗೆ ಕೆಂಪು ಬೆಳಕು ಕಾಣುವುದಿಲ್ಲ" ಅಂತ ಕೆಂಪು ಬಲ್ಬು ಕೊಡುತ್ತಾರೆ. ಅದನ್ನು ನಂಬಿ ರಾತ್ರಿಯಿಡೀ ಉರಿಸಿದರೆ ಹಗಲು ರಾತ್ರಿಯ ಲೆಕ್ಕವೇ ತಪ್ಪಿ, ಪ್ರಾಣಿ ಹೊರಗೆ ಬರುವುದನ್ನೇ ಬಿಡಬಹುದು.

ಬಿಸಿ ಸರಿಯಾಗಿಯೇ ಇದ್ದೂ ತಂಪು ಬದಿ ಬಿಡದಿದ್ದರೆ ಗೂಡು ನೋಡಿ. ಬೆಚ್ಚಗಿನ ಬದಿಯಲ್ಲಿ ಗೂಡೇ ಇಲ್ಲದಿದ್ದರೆ, ಅಥವಾ ಇದ್ದದ್ದು ತೀರಾ ದೊಡ್ಡದಾಗಿ ಮೂರು ಕಡೆ ತೆರೆದಿದ್ದರೆ, ಅದು ಕಾವಿಗಿಂತ ಮರೆಯನ್ನೇ ಆರಿಸಿಕೊಳ್ಳುತ್ತದೆ. ಗೂಡು ಮೈಗೆ ತಾಗುವಷ್ಟು ಇಕ್ಕಟ್ಟಾಗಿರಬೇಕು, ಬಾಗಿಲು ಒಂದೇ ಇರಬೇಕು. ಇಂಥವು ಮೂರು ಬೇಕು. ಬೆಚ್ಚಗೆ ಒಂದು, ತಂಪಿಗೆ ಒಂದು, ತೇವಕ್ಕೆ ಒಂದು.

ದೂರು: ಪೊರೆ ಬೆರಳುಗಳಲ್ಲಿ ಉಳಿಯುತ್ತದೆ

ಪೊರೆ ಬಿಡುವ ಮುಂಚೆ ಗೆಕ್ಕೊ ಬೂದಿ ಮೆತ್ತಿದ ಹಾಗೆ ಬೆಳ್ಳಗಾಗುತ್ತದೆ. ಆಮೇಲೆ ತಾನೇ ಎಳೆದು ತಿಂದುಬಿಡುತ್ತದೆ. ಮರುದಿನ ಟ್ಯಾಂಕಿನಲ್ಲಿ ಪೊರೆ ಕಾಣದಿದ್ದರೆ ಹುಡುಕಬೇಡಿ. ಬೆರಳು, ಬಾಲದ ತುದಿ, ರೆಪ್ಪೆ ಇಷ್ಟನ್ನು ಮಾತ್ರ ನೋಡಿ. ಬೆರಳಿನ ಸುತ್ತ ಉಳಿದ ಪೊರೆ ಒಣಗಿ ದಾರದಂತೆ ಬಿಗಿಯುತ್ತದೆ. ರಕ್ತ ಹರಿಯದೆ ಬೆರಳು ಉದುರುತ್ತದೆ. ಬೆರಳಿಲ್ಲದ ಎಷ್ಟೋ ಗೆಕ್ಕೊಗಳ ಹಿಂದಿನ ಕಾರಣ ಇಷ್ಟೇ.

ದೋಷ ಸಾಮಾನ್ಯವಾಗಿ ತೇವದ ಗೂಡಿನದು. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಗೆ ತೂತು ಮಾಡಿ, ಅಂಚು ಉಜ್ಜಿ ನಯ ಮಾಡಿ, ಒಳಗೆ ಹಿಂಡಿದ ಒದ್ದೆ ಸ್ಫ್ಯಾಗ್ನಮ್ ಪಾಚಿಯೋ ಪೇಪರ್ ಟವೆಲೋ ಹಾಕಿದರೆ ಸಾಕು. ಮೊಸರಿನ ಡಬ್ಬಿಯೂ ನಡೆಯುತ್ತದೆ. ಇಡಬೇಕಾದದ್ದು ಬೆಚ್ಚಗಿನ ಬದಿಗೆ ತಾಗಿದಂತೆ. ತಂಪು ಮೂಲೆಯಲ್ಲಿಟ್ಟರೆ ಒಳಗೆ ಬರೀ ತಣ್ಣನೆ ಕೆಸರು, ಗೆಕ್ಕೊ ಕಾಲಿಡುವುದಿಲ್ಲ.

ಇಲ್ಲಿನ ಚಳಿಗಾಲದಲ್ಲಿ ಹೀಟರ್ ಓಡುವ ಮನೆಯ ಗಾಳಿ ಎಷ್ಟು ಒಣಗಿರುತ್ತದೆ ಅಂದರೆ ನಮ್ಮ ತುಟಿಯೇ ಒಡೆಯುತ್ತದೆ. ಟ್ಯಾಂಕಿನಲ್ಲಿ ಶೇ. 30ರಿಂದ 40 ತೇವಾಂಶ ಇದ್ದರೆ ಸರಿ. ಅದಕ್ಕಿಂತ ಇಳಿದರೆ ತೇವದ ಗೂಡನ್ನು ದಿನಾ ನೋಡಿ ಒದ್ದೆ ಮಾಡಿ. ಇಡೀ ಟ್ಯಾಂಕಿಗೆ ನೀರು ಸಿಂಪಡಿಸುವುದು ಪರಿಹಾರವಲ್ಲ. ತಣ್ಣಗೂ ಒದ್ದೆಯಾಗೂ ಇರುವ ಟ್ಯಾಂಕಿನಲ್ಲಿ ಉಸಿರಾಟದ ಸೋಂಕು ಬರುತ್ತದೆ.

ಈಗಾಗಲೇ ಅಂಟಿದ ಪೊರೆಗೆ, ಡಬ್ಬಿಯಲ್ಲಿ ಬೆರಳು ಮುಳುಗುವಷ್ಟೇ ಉಗುರು ಬೆಚ್ಚಗಿನ ನೀರು ಹಾಕಿ ಕಾಲು ಗಂಟೆ ಬಿಡಿ. ಆಮೇಲೆ ಒದ್ದೆ ಹತ್ತಿಕಡ್ಡಿಯಿಂದ ಮೆಲ್ಲಗೆ ಉರುಳಿಸಿ. ಒಣಗಿದ್ದಾಗ ಎಳೆಯಬೇಡಿ. ರೆಪ್ಪೆಯೊಳಗೆ ಸಿಕ್ಕಿದ್ದನ್ನು ಕೀಳಲು ಹೋಗಲೇಬೇಡಿ, ಅದು ವೈದ್ಯರ ಕೆಲಸ.

ದೂರು: ಗಾಜು ಕೆರೆಯುತ್ತದೆ

ಹೊಸ ಟ್ಯಾಂಕಾದರೆ ಒಂದೆರಡು ವಾರ ಕೊಡಿ. ಹಳೆಯದಾದರೆ ಮೊದಲು ತಂಪು ಬದಿಯನ್ನು ಅಳೆಯಿರಿ. ಅದೇ 30 ಡಿಗ್ರಿ ದಾಟಿದ್ದರೆ ಅದಕ್ಕೆ ಓಡಿಹೋಗಲು ಜಾಗವಿಲ್ಲ ಅಂತ ಅರ್ಥ. ಸಣ್ಣ ಟ್ಯಾಂಕುಗಳಲ್ಲಿ ಇದು ಜಾಸ್ತಿ. ಇಪ್ಪತ್ತು ಗ್ಯಾಲನ್ನಿನ ಉದ್ದ ಟ್ಯಾಂಕು, ಅಂದರೆ 30 ಇಂಚು ಉದ್ದ 12 ಇಂಚು ಅಗಲದ್ದು, ಒಂದು ಕಾಲಕ್ಕೆ ಸಾಕು ಅನ್ನುತ್ತಿದ್ದರು. ಈಗ 36 ಇಂಚು ಉದ್ದ 18 ಇಂಚು ಅಗಲದ್ದನ್ನು ಹೇಳುತ್ತಾರೆ. ನನಗೆ ಅದೇ ಸರಿ ಅನ್ನಿಸುತ್ತದೆ. ಪ್ರಾಣಿಗೆ ದೊಡ್ಡಸ್ತಿಕೆ ಬೇಕು ಅಂತಲ್ಲ, ಒಂದು ಕಡೆ ಬಿಸಿ ಇನ್ನೊಂದು ಕಡೆ ತಂಪು ಉಳಿಯಬೇಕಾದರೆ ನಡುವೆ ಅಷ್ಟು ದೂರ ಬೇಕೇ ಬೇಕು. ಎತ್ತರಕ್ಕೆ ದುಡ್ಡು ಸುರಿಯಬೇಡಿ.

ಇನ್ನೊಂದು ಕಾರಣ ಇನ್ನೊಂದು ಗೆಕ್ಕೊ. "ಒಂದೇ ಇದ್ದರೆ ಬೇಜಾರಾಗುತ್ತೆ, ಪಾಪ" ಅಂತ ಜೊತೆ ತರುತ್ತಾರೆ. ಇವು ಒಂಟಿಯಾಗಿರುವ ಪ್ರಾಣಿಗಳು, ಬೇಜಾರು ನಮಗೆ ಮಾತ್ರ. ಎರಡು ಗಂಡು ಸೇರಿದರೆ ರಕ್ತ ಬರುವ ತನಕ ಕಚ್ಚಾಡುತ್ತವೆ. ಎರಡು ಹೆಣ್ಣಾದರೆ ಜಗಳ ಕಾಣಿಸುವುದಿಲ್ಲ, ಒಂದು ಮಾತ್ರ ದಿನೇದಿನೇ ಸೊರಗುತ್ತದೆ. ಬೆಚ್ಚಗಿನ ಗೂಡಿನಲ್ಲಿ ಒಂದರ ಮೇಲೊಂದು ಮಲಗಿದ್ದನ್ನು ಪ್ರೀತಿ ಅಂತ ಫೋಟೊ ತೆಗೆಯುತ್ತಾರೆ. ಅದು ಪ್ರೀತಿಯಲ್ಲ, ಕಾವಿನ ಜಾಗಕ್ಕೆ ಪೈಪೋಟಿ. ಬೇರೆ ಮಾಡಿ, ಒಂದಕ್ಕೊಂದು ಕಾಣದ ಹಾಗೆ ಇಡಿ.

ದೂರು: ಹಿಕ್ಕೆ ಹಾಕುತ್ತಿಲ್ಲ, ಹೊಟ್ಟೆ ಉಬ್ಬಿದೆ

ಆರೋಗ್ಯದ ಹಿಕ್ಕೆಯಲ್ಲಿ ಕಂದು ಭಾಗದ ಜೊತೆ ಬಿಳಿ ಮುದ್ದೆ ಇರುತ್ತದೆ. ಹಲವು ದಿನ ಹಿಕ್ಕೆ ಇಲ್ಲದೆ ಹೊಟ್ಟೆ ಗಟ್ಟಿಯಾಗಿದ್ದರೆ ಹಾಸು ನೋಡಿ. ಬರೀ ಮರಳು, ಅದರಲ್ಲೂ "ಕ್ಯಾಲ್ಸಿಯಂ ಮರಳು" ಅಂತ ಮಾರುವುದು, ಹುಳದ ಜೊತೆ ಹೊಟ್ಟೆ ಸೇರಿ ಗಟ್ಟಿಯಾಗಬಹುದು. ಆದರೆ ಮರಳೊಂದನ್ನೇ ಬೈದರೆ ಆಗಲಿಲ್ಲ. ಕ್ಯಾಲ್ಸಿಯಂ ಕೊರತೆ ಇರುವ ಗೆಕ್ಕೊ ಬೇಕೆಂದೇ ಮರಳು ನೆಕ್ಕುತ್ತದೆ, ಕಾವು ಸಾಲದ ಗೆಕ್ಕೊಗೆ ತಿಂದದ್ದು ಮುಂದಕ್ಕೆ ಸಾಗುವುದಿಲ್ಲ. ಇವೆರಡೂ ಸರಿ ಇದ್ದ ಕಡೆ ಮಣ್ಣು ಮರಳಿನ ಮಿಶ್ರಣದ ಮೇಲೆ ಎಷ್ಟೋ ಗೆಕ್ಕೊಗಳು ಆರಾಮಾಗಿವೆ. ತೊಂದರೆ ಪತ್ತೆಯಾಗುವವರೆಗೆ ಎಲ್ಲ ತೆಗೆದು ಪೇಪರ್ ಟವೆಲ್ ಹಾಸಿ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಹಿಕ್ಕೆ ಎಷ್ಟು, ಹೇಗಿದೆ ಅಂತ ಸ್ಪಷ್ಟ ಕಾಣುತ್ತದೆ.

ದೂರು: ನಡಿಗೆ ಸರಿಯಿಲ್ಲ, ಬೇಟೆ ತಪ್ಪುತ್ತದೆ

ಮೂಳೆ ಮೆತ್ತಗಾಗುವ ಕಾಯಿಲೆ ನಿಧಾನಕ್ಕೆ ಬರುತ್ತದೆ. ಕ್ರಿಕೆಟ್ ಹುಳ, ಮೀಲ್‌ವರ್ಮ್ ಎರಡರಲ್ಲೂ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಆದ್ದರಿಂದ ಹುಳಕ್ಕೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಬೇಕು. ಕೊಡುವ ಹಿಂದಿನ ದಿನ ಹುಳಗಳಿಗೇ ಸೊಪ್ಪು, ಕ್ಯಾರೆಟ್ ತಿನ್ನಿಸಬೇಕು. ಹುಳದ ಅಗಲ ಗೆಕ್ಕೊದ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಜಾಸ್ತಿ ಬೇಡ. ತಿನ್ನದೆ ಉಳಿದ ಕ್ರಿಕೆಟ್ ಹುಳಗಳನ್ನು ರಾತ್ರಿ ಒಳಗೆ ಬಿಡಬೇಡಿ, ಮಲಗಿದ ಗೆಕ್ಕೊವನ್ನೇ ಅವು ಕಡಿಯುತ್ತವೆ.

ಟ್ಯಾಂಕಿನ ಕಡೆಯ ದೋಷ ಯುವಿಬಿ ಬೆಳಕಿನದು, ಅಂದರೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಒಂದು ಬಗೆಯ ಕಿರಣದ್ದು. ವಿಟಮಿನ್ ಡಿ3 ಇಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಅದು ಪುಡಿಯಿಂದಲಾದರೂ ಬರಬೇಕು, ಬೆಳಕಿನಿಂದಲಾದರೂ ಬರಬೇಕು. ಮುಸ್ಸಂಜೆಯ ಪ್ರಾಣಿಯಾದ್ದರಿಂದ 5ರಿಂದ 7 ಪರ್ಸೆಂಟಿನ ಮಂದ ಟ್ಯೂಬ್ ಸಾಕು. "ಕಿಟಕಿಯಿಂದ ಬಿಸಿಲು ಬರುತ್ತಲ್ಲ" ಅನ್ನುವವರು ಗಮನಿಸಿ, ಗಾಜು ಯುವಿಬಿಯನ್ನು ತಡೆಯುತ್ತದೆ. ಮುಚ್ಚಳದ ಜಾಲರಿಯೂ ಒಂದಷ್ಟು ನುಂಗುತ್ತದೆ. ಟ್ಯೂಬ್ ಉರಿಯುತ್ತಿದೆ ಅಂದ ಮಾತ್ರಕ್ಕೆ ಯುವಿಬಿ ಬರುತ್ತಿದೆ ಅಂತಲ್ಲ. ಬೆಳಕು ಉಳಿದು ಅದು ಮಾತ್ರ ಕುಗ್ಗುತ್ತದೆ, ಹಾಗಾಗಿ ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ ವರ್ಷದೊಳಗೆ, ಬದಲಾಯಿಸಿ. ಆಲ್ಬಿನೊ ಬಗೆಯ ಗೆಕ್ಕೊಗಳಿಗೆ ಬೆಳಕು ಚುಚ್ಚುತ್ತದೆ, ಅವಕ್ಕೆ ನೆರಳು ಹೆಚ್ಚಿರಲಿ. ಯುವಿಬಿ ಇದ್ದಾಗ ಡಿ3 ಪುಡಿ ಎಷ್ಟು ಅಂತ ವೈದ್ಯರನ್ನು ಕೇಳಿ, ಅದು ಹೆಚ್ಚಾದರೂ ಕೆಡುಕೇ.

ಟ್ಯಾಂಕಿನ ತಪ್ಪಲ್ಲದವು

ಚಳಿಗಾಲದಲ್ಲಿ ಕಾವು ಸರಿಯಿದ್ದರೂ ಕೆಲವು ದೊಡ್ಡ ಗೆಕ್ಕೊಗಳು ತಿನ್ನುವುದನ್ನು ತಾವೇ ಕಡಿಮೆ ಮಾಡುತ್ತವೆ. ಸಂತಾನದ ಋತುವಿನಲ್ಲಿ ಗಂಡಿಗೂ ಊಟ ಬೇಡ, ಮೊಟ್ಟೆ ಹೊತ್ತ ಹೆಣ್ಣಿಗೂ ಬೇಡ. ತೂಕ ನಿಂತಿದ್ದರೆ ಸುಮ್ನೆ ಬಿಡಿ. "ಎನಿಗ್ಮಾ" ಅನ್ನುವ ತಳಿ ತಲೆ ಓರೆ ಮಾಡಿಕೊಂಡು ಸುತ್ತುವುದು ಹುಟ್ಟಿನಿಂದ ಬಂದ ನರದ ತೊಂದರೆ. ಟ್ಯಾಂಕ್ ಬದಲಾಯಿಸಿದರೆ ಹೋಗುವುದಿಲ್ಲ.

ಇವೆಲ್ಲಕ್ಕಿಂತ ಭಯಪಡಬೇಕಾದದ್ದು ಬಾಲ ಕಡ್ಡಿಯಾಗುವುದು. ಕಾವು ಸರಿ ಇದೆ, ತಿನ್ನುತ್ತಲೂ ಇದೆ, ಆದರೂ ಬಾಲ ಸಣ್ಣಗಾಗುತ್ತಾ ಹೋಗುತ್ತದೆ, ಹಿಕ್ಕೆ ನೀರು ನೀರು. ಹೊಟ್ಟೆ ಹುಳ ಇರಬಹುದು, ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿಯೂ ಇರಬಹುದು. ಅದು ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ, ಮಾಮೂಲಿ ಸೋಂಕುನಾಶಕಗಳಿಗೆ ಬಗ್ಗುವುದಿಲ್ಲ. ಆ ಟ್ಯಾಂಕಿನ ಚಿಮಟ, ಬಟ್ಟಲು ಯಾವುದನ್ನೂ ಬೇರೆ ಟ್ಯಾಂಕಿಗೆ ಬಳಸಬೇಡಿ. ಕೈ ತೊಳೆಯುವುದು ಹೇಗೂ ಕಡ್ಡಾಯ, ಆರೋಗ್ಯವಾಗಿರುವ ಗೆಕ್ಕೊದಲ್ಲೂ ನಮ್ಮ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ, ಅಡುಗೆಮನೆಯ ಸಿಂಕಿನಲ್ಲಿ ಬಟ್ಟಲು ತೊಳೆಯಬೇಡಿ.

ಸರಿಪಡಿಸಿದ ಮೇಲೆ

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಹಾಸು, ಬಲ್ಬು, ಹುಳ ಮೂರನ್ನೂ ಒಂದೇ ದಿನ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ, ಪ್ರಾಣಿಗೂ ಮನೆ ಬದಲಾದ ಹಾಗಾಗಿ ಮತ್ತೆ ಊಟ ಬಿಡುತ್ತದೆ. ಸುಟ್ಟ ಗಾಯ ಆಗುವಷ್ಟು ಬಿಸಿ ಇದ್ದರೆ ಮಾತ್ರ ತಕ್ಷಣ ಪ್ಲಗ್ ಕೀಳಿ, ಉಳಿದದ್ದು ಆಮೇಲೆ. ಕಾವು ಸರಿ ಮಾಡಿದ ಮೇಲೆ ಎರಡು ಮೂರು ದಿನ ಹುಳ ತೋರಿಸಲೂ ಹೋಗಬೇಡಿ, ನೀರು ಮಾತ್ರ ಇರಲಿ. ಆಮೇಲೆ ಮುಸ್ಸಂಜೆಯಲ್ಲಿ, ಕೋಣೆಯ ದೀಪ ಮಂದ ಮಾಡಿ, ಒಂದೇ ಒಂದು ಹುಳ ಬಿಡಿ.

ವಾರ ಎರಡಾದರೂ ಮುಟ್ಟದೆ ತೂಕ ಇಳಿಯುತ್ತಿದ್ದರೆ ವೈದ್ಯರಲ್ಲಿಗೆ ಹೊರಡಿ. ತೂಕ ಬರೆದ ಚೀಟಿ, ಎರಡೂ ಬದಿಯ ನೆಲದ ಅಳತೆ, ಟ್ಯಾಂಕಿನ ಫೋಟೊ ತೆಗೆದುಕೊಂಡು ಹೋಗಿ. ಅವರು ಕೇಳುವ ಮೊದಲ ಪ್ರಶ್ನೆಗಳು ಇವೇ. ಗೆಕ್ಕೊವನ್ನು ಗಾಳಿತೂತು ಇರುವ ಡಬ್ಬಿಯಲ್ಲಿ ಪೇಪರ್ ಟವೆಲ್ ಹಾಸಿ ಕೂರಿಸಿ, ಡಬ್ಬಿಯನ್ನು ಬಟ್ಟೆ ಸುತ್ತಿ ಜಾಕೆಟ್ಟಿನೊಳಗೆ ಇಟ್ಟುಕೊಳ್ಳಿ, ಹತ್ತುವ ಮೊದಲೇ ಕಾರು ಬೆಚ್ಚಗೆ ಮಾಡಿಕೊಳ್ಳಿ. ಸಾಧ್ಯವಾದರೆ ಅವತ್ತಿನ ಹಿಕ್ಕೆಯನ್ನು ಒದ್ದೆ ಹತ್ತಿಯ ಜೊತೆ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯಿರಿ. ಒಣಗಿದ ಹಿಕ್ಕೆಯಲ್ಲಿ ಪರೋಪಜೀವಿಗಳನ್ನು ಗುರುತಿಸುವುದು ಕಷ್ಟ.